ಗಂಟಲಿಗೆಂದು ನಾನು ಬದಲಿಸಿದ್ದು ರಾತ್ರಿ ಊಟದ ಹೊತ್ತು: ಸೈಲೆಂಟ್ ರಿಫ್ಲಕ್ಸ್ ಜೊತೆ ಬದುಕುವುದು ಹೇಗೆ

ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಪಾಠ ಮಾಡುವಾಗ ಪ್ರತಿ ವರ್ಷ ಬೋರ್ಡ್ ಮೇಲೆ ಜಠರದ ಚಿತ್ರ ಬರೆಯುತ್ತೇನೆ. ಒಳಗೆ ಆಮ್ಲ ಇದೆ, ಪೆಪ್ಸಿನ್ ಎಂಬ ಕಿಣ್ವ ಇದೆ, ಅದು ಪ್ರೋಟೀನನ್ನು ಕರಗಿಸುತ್ತದೆ. ಜಠರದ ಗೋಡೆಗೆ ಲೋಳೆಯ ಹೊದಿಕೆ ಇರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಹದಿನೆಂಟು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಅದೇ ಪೆಪ್ಸಿನ್ ನನ್ನ ಗಂಟಲಿಗೂ ಬಂದು ಕೂತಿದೆ ಅಂತ ಗೊತ್ತಾಗಲು ಒಂದೂವರೆ ವರ್ಷ ಬೇಕಾಯಿತು. ಜಠರದ ರಸ ಹೀಗೆ ಮೇಲೇರುವುದೇ ರಿಫ್ಲಕ್ಸ್; ಎದೆಯುರಿ ಇಲ್ಲದೆ ಗಂಟಲನ್ನು ಕೆಡಿಸಿದರೆ ಅದು ಸೈಲೆಂಟ್ ರಿಫ್ಲಕ್ಸ್.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಬೆಳಗ್ಗೆ ಎದ್ದರೆ ಗಂಟಲಲ್ಲಿ ಕಫ ಕಟ್ಟಿದ ಹಾಗೆ. ಕ್ಯಾಕರಿಸಿದರೆ ಏನೂ ಬರುತ್ತಿರಲಿಲ್ಲ. ಎರಡು ನಿಮಿಷಕ್ಕೆ ಮತ್ತೆ ಅದೇ. ಅನ್ನ ನುಂಗಿದರೆ ಸಲೀಸು, ಬರೀ ಎಂಜಲು ನುಂಗಿದರೆ ಮಾತ್ರ ಏನೋ ಉಂಡೆ ಸಿಕ್ಕಿಕೊಂಡಂತೆ. ಮೂರನೇ ಪೀರಿಯಡ್ ಹೊತ್ತಿಗೆ ದನಿ ಒಡೆಯುತ್ತಿತ್ತು. ಒಂದು ದಿನ ಮೊದಲ ಬೆಂಚಿನ ಹುಡುಗಿ ನೋಟ್‌ಬುಕ್ ಅಂಚಿನಲ್ಲಿ ಗೆರೆ ಎಳೆದು ಎಣಿಸಿದ್ದಳು. ನಲವತ್ತು ನಿಮಿಷದಲ್ಲಿ ಮೂವತ್ತೊಂದು ಸಲ ನಾನು ಗಂಟಲು ಸರಿಮಾಡಿಕೊಂಡಿದ್ದೆ. ‘ಮಿಸ್, ನಿಮಗೆ ನೋವಾಗುತ್ತಾ?’ ಅಂತ ಕೇಳಿದಳು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಎದೆಯುರಿ ಇರಲಿಲ್ಲ, ಹುಳಿ ತೇಗು ಇರಲಿಲ್ಲ. ಹಾಗಾಗಿ ಗ್ಯಾಸ್ಟ್ರಿಕ್ ಅಂತ ಯಾರಿಗೂ ಹೊಳೆಯಲಿಲ್ಲ. ಒಂದು ಕಡೆ ಎರಡು ಸಲ ಆ್ಯಂಟಿಬಯೋಟಿಕ್ ಕೊಟ್ಟರು. ಇನ್ನೊಂದು ಕಡೆ ಅಲರ್ಜಿ ಮಾತ್ರೆ, ಸೀಮೆಸುಣ್ಣದ ಧೂಳು ಅಂದರು. ಕೊನೆಗೆ ಒಬ್ಬ ಇಎನ್‌ಟಿ ಡಾಕ್ಟರ್ ಮೂಗಿನಿಂದ ತೆಳ್ಳನೆ ಕ್ಯಾಮೆರಾ ಇಳಿಸಿ ಧ್ವನಿಪೆಟ್ಟಿಗೆ ನೋಡಿದರು. ಹಿಂಭಾಗ ಊದಿ ಕೆಂಪಾಗಿತ್ತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ರಾತ್ರಿ ಎಷ್ಟು ಗಂಟೆಗೆ ಊಟ, ಎಷ್ಟು ಗಂಟೆಗೆ ಮಲಗ್ತೀರಿ?’ ಹತ್ತಕ್ಕೆ ಊಟ, ಹತ್ತೂವರೆಗೆ ನಿದ್ದೆ. ಅಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು.

ಒಳಗೆ ಆಗುವುದೇನು

ಅನ್ನನಾಳದ ಕೆಳತುದಿಯಲ್ಲಿ ಒಂದು ಬಿಗಿ ಉಂಗುರ ಇದೆ, ಮೇಲ್ತುದಿಯಲ್ಲಿ ಇನ್ನೊಂದು. ಎರಡೂ ಸಡಿಲವಾದಾಗ ಜಠರದ ರಸ ಸ್ವಲ್ಪ ಸ್ವಲ್ಪವೇ, ಕೆಲವು ಸಲ ಆವಿಯ ಹಾಗೆ, ಗಂಟಲಿನವರೆಗೆ ಏರುತ್ತದೆ. ಅನ್ನನಾಳಕ್ಕೆ ಇದನ್ನು ತಡೆದುಕೊಳ್ಳುವ ಶಕ್ತಿ ಒಂದಿಷ್ಟು ಇದೆ, ಗಂಟಲಿಗೆ ಅಷ್ಟಿಲ್ಲ. ಅದಕ್ಕೇ ಎದೆ ಉರಿಯದೆಯೂ ಗಂಟಲು ಕೆಡುತ್ತದೆ. ಪೆಪ್ಸಿನ್ ಗಂಟಲಿನ ಪದರಕ್ಕೆ ಅಂಟಿಕೊಂಡು ಸುಮ್ಮನೆ ಕೂರುತ್ತದೆ. ಮತ್ತೆ ಆಮ್ಲ ಸಿಕ್ಕರೆ ಎಚ್ಚರವಾಗುತ್ತದೆ. ಆ ಆಮ್ಲ ಕೆಳಗಿನಿಂದಲೇ ಬರಬೇಕು ಅಂತೇನಿಲ್ಲ. ನಾವು ಕುಡಿಯುವ ನಿಂಬೆರಸವೂ ಸಾಕು.

ಇದು ಗೊತ್ತಾದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಯಾಕೆಂದರೆ ಗಂಟಲಿಗೆ ಒಳ್ಳೆಯದು ಅಂತ ವರ್ಷವಿಡೀ ಬೆಳಗ್ಗೆ ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿದಿದ್ದೆ. ನಿಂಬೆರಸದ ಪಿಎಚ್ ಸುಮಾರು 2, ಜಠರದ ಆಮ್ಲದ ಹತ್ತಿರ ಹತ್ತಿರ. ಕ್ಲಾಸಿನಲ್ಲಿ ನೀಲಿ ಲಿಟ್ಮಸ್ ಅದ್ದಿ ತೋರಿಸುವವಳು ನಾನೇ. ಅತ್ತೆ ಪ್ರೀತಿಯಿಂದ ಮಾಡಿಕೊಡುತ್ತಿದ್ದ ಮೆಣಸು-ಶುಂಠಿ ಕಷಾಯ, ಬಾಯಲ್ಲಿ ಸದಾ ಇರುತ್ತಿದ್ದ ಪೆಪ್ಪರ್‌ಮಿಂಟ್, ಇವೂ ನನಗೆ ಕೆಡುಕನ್ನೇ ಮಾಡಿದ್ದವು. ಪುದೀನ ಜಾತಿಯ ತಂಪು, ಆ ಕೆಳಗಿನ ಉಂಗುರವನ್ನು ಸಡಿಲ ಮಾಡುತ್ತದೆ.

ಮೊದಲು ಡಾಕ್ಟರಿಗೆ ತೋರಿಸಿ

ಗಂಟಲು ಕೆಂಪಾಗಿರುವುದೆಲ್ಲ ರಿಫ್ಲಕ್ಸ್ ಅಲ್ಲ. ಅಲರ್ಜಿ, ಸೈನಸ್, ಧೂಮಪಾನ, ಕೂಗಿ ಕೂಗಿ ದಣಿದ ದನಿ, ಎಲ್ಲವೂ ಹೀಗೇ ಕಾಣಬಹುದು. ದನಿ ಕಟ್ಟಿ ಮೂರು ನಾಲ್ಕು ವಾರ ಆದರೂ ಸರಿಹೋಗಲಿಲ್ಲ ಅಂದರೆ ಇಎನ್‌ಟಿ ಡಾಕ್ಟರ್ ಗಂಟಲೊಳಗೆ ನೋಡಲೇಬೇಕು. ಊಟ ನುಂಗಲು ಕಷ್ಟ ಅಥವಾ ನೋವು, ಉಗುಳಿನಲ್ಲಿ ರಕ್ತ, ಕತ್ತಿನಲ್ಲಿ ಗಡ್ಡೆ, ಒಂದೇ ಕಡೆಯ ಕಿವಿನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಬೀಡಿ, ಸಿಗರೇಟ್, ಗುಟ್ಕಾ, ಎಲೆಅಡಿಕೆ-ತಂಬಾಕು ಅಭ್ಯಾಸ ಇರುವವರಂತೂ ದಯವಿಟ್ಟು ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಕೂರಬೇಡಿ.

ಹೋಗುವಾಗ ಒಂದು ಹಾಳೆ ತೆಗೆದುಕೊಂಡು ಹೋಗಿ. ರಿಫ್ಲಕ್ಸ್ ಸಿಂಪ್ಟಮ್ ಇಂಡೆಕ್ಸ್ ಅಂತ ಒಂದು ಸರಳ ಪಟ್ಟಿ ಇದೆ. ಒಂಬತ್ತು ಪ್ರಶ್ನೆ: ದನಿ ಒಡೆಯುವುದು, ಗಂಟಲು ಸರಿಮಾಡಿಕೊಳ್ಳುವುದು, ಜಾಸ್ತಿ ಕಫ, ನುಂಗಲು ತೊಂದರೆ, ಉಂಡ ಮೇಲೆ ಅಥವಾ ಮಲಗಿದ ಮೇಲೆ ಕೆಮ್ಮು, ಉಸಿರು ಕಟ್ಟಿದಂತಾಗುವುದು, ಕಾಡುವ ಕೆಮ್ಮು, ಗಂಟಲಲ್ಲಿ ಉಂಡೆ, ಎದೆಯುರಿ. ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ. ಒಟ್ಟು 13 ದಾಟಿದರೆ ರಿಫ್ಲಕ್ಸ್ ಇರಬಹುದು ಅಂತ ಲೆಕ್ಕ. ಇದರಿಂದಲೇ ರೋಗ ಖಚಿತವಾಗುವುದಿಲ್ಲ. ಆದರೆ ನಿಮ್ಮ ಗಂಟಲು ತಿಂಗಳಿಂದ ತಿಂಗಳಿಗೆ ಸುಧಾರಿಸುತ್ತಿದೆಯಾ ಅಂತ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನನ್ನದು ಮೊದಲ ಸಲ 24 ಇತ್ತು. ಪ್ರತಿ ತಿಂಗಳ ಒಂದನೇ ತಾರೀಕು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಬಂದೆ.

ರಾತ್ರಿ ಊಟ

ನಾನು ಮಾಡಿದ ಎಲ್ಲದರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ. ಉಂಡು ಮೂರು ಗಂಟೆ ಆಗದೆ ಮಲಗಬಾರದು. ಹೇಳುವುದು ಸುಲಭ. ನಮ್ಮ ಮನೆಯವರು ಅಂಗಡಿ ಮುಚ್ಚಿ ಬರುವುದು ಒಂಬತ್ತೂವರೆಗೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಮನೆಯ ರೂಢಿ. ನಾನೊಬ್ಬಳೇ ಮುಂಚೆ ಉಂಡರೆ ಅತ್ತೆಗೆ ಬೇಜಾರು. ಮೊದಲ ವಾರ ಅವರು ಏನೂ ಅನ್ನಲಿಲ್ಲ, ಆದರೆ ಅಡುಗೆಮನೆ ಮೌನವಾಗಿತ್ತು. ಡಾಕ್ಟರ್ ತೋರಿಸಿದ ಗಂಟಲಿನ ಫೋಟೋ ಮೊಬೈಲಿನಲ್ಲಿ ಇತ್ತು. ಅದನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಮಾರನೆಯ ದಿನದಿಂದ ಏಳು ಗಂಟೆಗೆ ಅವರೇ ತಟ್ಟೆ ಇಟ್ಟು ಕರೆಯತೊಡಗಿದರು. ಒಂಬತ್ತೂವರೆಗೆ ಮನೆಯವರ ಜೊತೆ ನಾನೂ ಕೂರುತ್ತೇನೆ, ಕೈಯಲ್ಲಿ ಬೆಚ್ಚಗಿನ ನೀರಿನ ಲೋಟ. ಮಾತು ಹಾಗೇ ನಡೆಯುತ್ತದೆ.

ನಿಮ್ಮ ಮನೆಯಲ್ಲಿ ಏಳು ಸಾಧ್ಯವಿಲ್ಲದಿದ್ದರೆ ಹೀಗೆ ಮಾಡಿ: ಸಂಜೆ ಆರರ ಹೊತ್ತಿಗೆ ಒಂದು ಜೋಳದ ರೊಟ್ಟಿ, ಪಲ್ಯ ತಿಂದುಬಿಡಿ. ರಾತ್ರಿ ಎಲ್ಲರ ಜೊತೆ ಕೂತಾಗ ಎರಡು ತುತ್ತು ಮೆತ್ತನೆ ಅನ್ನ-ತೊವ್ವೆ ಸಾಕು. ಹೊಟ್ಟೆ ಬಿರಿಯುವಷ್ಟು ಒಂದೇ ಸಲ ಉಣ್ಣುವುದೇ ಮೊದಲ ಶತ್ರು. ಉಂಡ ತಕ್ಷಣ ಬಗ್ಗಿ ನೆಲ ಒರೆಸುವುದು, ಪಾತ್ರೆ ತಿಕ್ಕುವುದು ಬೇಡ. ಇನ್ನೊಂದು ಮಾತು, ಇದನ್ನು ಹೆಂಗಸರಿಗೆ ಡಾಕ್ಟರುಗಳು ಹೇಳುವುದು ಕಡಿಮೆ: ಸೀರೆ ಲಂಗದ ಲಾಡಿ. ದಿನವಿಡೀ ಹೊಟ್ಟೆಯನ್ನು ಬಿಗಿದು ಮೇಲಕ್ಕೆ ಒತ್ತುತ್ತಿರುತ್ತದೆ. ನಾನು ಅಗಲ ಪಟ್ಟಿಯ ಎಲಾಸ್ಟಿಕ್ ಲಂಗಕ್ಕೆ ಬದಲಾದೆ. ಮಧ್ಯಾಹ್ನದ ಕೆಮ್ಮು ಅದರಿಂದಲೇ ಕಡಿಮೆಯಾಯಿತು ಅಂತ ನನ್ನ ನಂಬಿಕೆ.

ಏನು ತಿನ್ನಬೇಕು

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಎಲ್ಲೆಲ್ಲೋ ಓದಿ ಒಂದೇ ದಿನ ಇಪ್ಪತ್ತು ಪದಾರ್ಥ ಬಿಟ್ಟೆ. ಎರಡು ತಿಂಗಳಲ್ಲಿ ನಾಲ್ಕು ಕೇಜಿ ಇಳಿದು ತಲೆಸುತ್ತು ಬಂತು. ಹಾಗೆ ಮಾಡಬೇಡಿ. ಎಲ್ಲರಿಗೂ ಸಾಮಾನ್ಯವಾಗಿ ತೊಂದರೆ ಕೊಡುವವು ಕೆಲವೇ: ಕರಿದದ್ದು, ಜಾಸ್ತಿ ಎಣ್ಣೆ-ಬೆಣ್ಣೆ, ಖಾರ, ಹುಣಸೆ-ಟೊಮೆಟೊ-ನಿಂಬೆಯ ಹುಳಿ, ಕಾಫಿ, ಚಾಕೊಲೇಟ್, ಸೋಡಾ, ಮದ್ಯ. ಇವನ್ನು ಮೂರ್ನಾಲ್ಕು ವಾರ ಬಿಡಿ. ಆಮೇಲೆ ಒಂದೊಂದನ್ನೇ ವಾಪಸ್ ತನ್ನಿ, ಮೂರು ದಿನ ನೋಡಿ, ಬರೆದಿಡಿ.

ದಾವಣಗೆರೆಯವರಿಗೆ ಸಂಜೆ ಮಿರ್ಚಿ-ಮಂಡಕ್ಕಿ ಬಿಡುವುದು ಅಂದರೆ ಏನು ಅಂತ ದಾವಣಗೆರೆಯವರಿಗೇ ಗೊತ್ತು. ಮಂಡಕ್ಕಿ ನನಗೆ ಏನೂ ಮಾಡುವುದಿಲ್ಲ, ಮಿರ್ಚಿ ಮಾಡುತ್ತದೆ. ಈಗ ಖಾರ ಕಡಿಮೆ ಹಾಕಿದ ಮಂಡಕ್ಕಿ, ಮೇಲೆ ಸೌತೆಕಾಯಿ. ಬೆಣ್ಣೆದೋಸೆ ತಿಂಗಳಿಗೊಂದು ಭಾನುವಾರ, ಅದೂ ಬೆಳಗ್ಗೆ, ಒಂದೇ. ಕಾಫಿ ಖಾಲಿ ಹೊಟ್ಟೆಗೆ ಬಿಟ್ಟು ಹನ್ನೊಂದು ಗಂಟೆಗೆ ಅರ್ಧ ಲೋಟ. ಮನೆಯಲ್ಲಿ ಹೀರೇಕಾಯಿ, ಸೋರೇಕಾಯಿ, ಹೆಸರುಬೇಳೆ, ಬಾಳೆಹಣ್ಣು, ಪಪ್ಪಾಯ ನನಗೆ ಒಗ್ಗಿದವು. ಮಜ್ಜಿಗೆ ಹುಳಿಯಾಗಿರದಿದ್ದರೆ ಪರವಾಗಿಲ್ಲ, ನನ್ನ ಅಕ್ಕನಿಗೆ ಅದೂ ಆಗುವುದಿಲ್ಲ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ, ಅದಕ್ಕೇ ನೋಟ್‌ಬುಕ್ ಇಡಿ ಅಂದಿದ್ದು.

ಮಾತ್ರೆ, ಔಷಧಿ

ನನಗೆ ಮೊದಲು ಕೊಟ್ಟಿದ್ದು ಪ್ಯಾಂಟೊಪ್ರಜೋಲ್. ಇಂಥ ಮಾತ್ರೆಯನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಬೇಕು. ತಿಂಡಿ ಆದ ಮೇಲೆ ನುಂಗಿದರೆ ಪೂರ್ತಿ ಉಪಯೋಗ ಸಿಗುವುದಿಲ್ಲ. ಇದು ಆಮ್ಲ ಕಡಿಮೆ ಮಾಡುತ್ತದೆ, ರಸ ಮೇಲೇರುವುದನ್ನು ನಿಲ್ಲಿಸುವುದಿಲ್ಲ. ಬರೀ ಗಂಟಲಿನ ತೊಂದರೆಗೆ ಇದರಿಂದ ದೊಡ್ಡ ಪವಾಡ ಕಾಯಬೇಡಿ. ಬ್ರಿಟನ್ನಿನಲ್ಲಿ 346 ಜನರ ಮೇಲೆ ಒಂದು ಅಧ್ಯಯನ ನಡೆದು 2021ರಲ್ಲಿ ಪ್ರಕಟವಾಯಿತು. ಇದೇ ಗುಂಪಿನ ಲ್ಯಾನ್ಸೊಪ್ರಜೋಲನ್ನು ದಿನಕ್ಕೆರಡು ಸಲ 16 ವಾರ ಕೊಟ್ಟು ನೋಡಿದರು. ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರೂ ಅಷ್ಟೇ ಸುಧಾರಿಸಿದ್ದರು. ಎದೆಯುರಿಯೂ ಇರುವವರಿಗೆ ಲಾಭ ಹೆಚ್ಚು. ನನಗೆ ಎಂಟು ವಾರದಲ್ಲಿ ಸ್ವಲ್ಪವೇ ವ್ಯತ್ಯಾಸ ಆಯಿತು. ತುಂಬಾ ದಿನ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಬಹುದು. ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಿ. ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವ, ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನೀವೇ ನುಂಗಬೇಡಿ. ಹೃದಯದ ಬಡಿತದ ತೊಂದರೆ ಇರುವವರಿಗೆ ಅದು ಅಪಾಯ.

ನನಗೆ ನಿಜವಾಗಿ ಆರಾಮ ಕೊಟ್ಟಿದ್ದು ಆಲ್ಜಿನೇಟ್ ಸಿರಪ್. ಕಂದು ಬಣ್ಣದ ಕಡಲಪಾಚಿಯಿಂದ ತೆಗೆದದ್ದು. ಹೊಟ್ಟೆಗೆ ಹೋದ ಮೇಲೆ ಆಮ್ಲದ ಜೊತೆ ಸೇರಿ ಹಾಲಿನ ಕೆನೆಯಂತೆ ಮೇಲೆ ತೇಲುತ್ತದೆ, ರಸ ಮೇಲೇರದಂತೆ ಮುಚ್ಚಳವಾಗುತ್ತದೆ. ಊಟ ಆದ ಮೇಲೆ ಮತ್ತು ಮಲಗುವ ಮುಂಚೆ ನನಗೆ 10 ಮಿಲಿ ಹೇಳಿದ್ದರು. ಕುಡಿದ ಮೇಲೆ ನೀರು ಕುಡಿಯಬಾರದು, ಮುಚ್ಚಳ ಒಡೆಯುತ್ತದೆ. ಅದರಲ್ಲಿ ಸೋಡಿಯಂ ಇರುತ್ತದೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದರೆ ಕೇಳಿಯೇ ತೆಗೆದುಕೊಳ್ಳಿ. ಅಡುಗೆಸೋಡಾ ಕಲಸಿ ದಿನಾ ಕುಡಿಯುವವರಿಗೂ ಇದೇ ಮಾತು.

ಮಂಚ

ದಿಂಬಿನ ಮೇಲೆ ದಿಂಬು ಇಟ್ಟರೆ ಕತ್ತು ಮಾತ್ರ ಏಳುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ. ಎದೆಯಿಂದ ಮೇಲಿನ ಭಾಗ ಪೂರ್ತಿ ಇಳಿಜಾರಾಗಬೇಕು. ನಮ್ಮ ಬೀದಿಯ ಬಡಗಿಯ ಹತ್ತಿರ ಆರು ಇಂಚು ಎತ್ತರದ ಎರಡು ಮರದ ಅಚ್ಚು ಮಾಡಿಸಿದೆ. ಮಂಚದ ಕಾಲು ಜಾರದ ಹಾಗೆ ಮೇಲೆ ಒಂದು ಇಂಚು ಗುಳಿ ತೋಡಿಕೊಟ್ಟರು. ತಲೆಯ ಕಡೆಯ ಎರಡು ಕಾಲಿಗೆ ಇಟ್ಟೆವು. ಮೊದಲ ನಾಲ್ಕು ರಾತ್ರಿ ಇಬ್ಬರೂ ಕೆಳಕ್ಕೆ ಜಾರುತ್ತಿದ್ದೆವು. ಒಂದು ವಾರಕ್ಕೆ ಅಭ್ಯಾಸವಾಯಿತು. ಎಡ ಮಗ್ಗುಲಲ್ಲಿ ಮಲಗಿ. ಜಠರದ ಆಕಾರದಿಂದಾಗಿ ಆಗ ರಸ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ. ಹತ್ತು ದಿನದೊಳಗೆ ಬೆಳಗಿನ ಕ್ಯಾಕರಿಕೆ ಅರ್ಧಕ್ಕೆ ಇಳಿಯಿತು.

ಕ್ಯಾಕರಿಸುವುದನ್ನು ಬಿಡುವುದು

ಔಷಧಿಗಿಂತ ಇದು ಕಷ್ಟ. ಪ್ರತಿ ಸಲ ಗಂಟಲು ಕೆರೆದಾಗ ದನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುತ್ತವೆ. ಊದುತ್ತವೆ. ಊದಿದ್ದಕ್ಕೆ ಮತ್ತೆ ಏನೋ ಅಂಟಿದಂತೆ ಅನ್ನಿಸುತ್ತದೆ. ಮತ್ತೆ ಕೆರೆಯುತ್ತೇವೆ. ರಿಫ್ಲಕ್ಸ್ ನಿಂತರೂ ಈ ಚಕ್ರ ನಿಲ್ಲದೆ ಇರಬಹುದು.

ಬೇಸಿಗೆ ರಜೆಯಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. 1965ರಲ್ಲಿ ಶುರುವಾದ ಸಂಸ್ಥೆ, ದನಿಯ ತೊಂದರೆಗೆ ಅಲ್ಲಿ ಚಿಕಿತ್ಸೆ ಇದೆ. ಅಲ್ಲಿ ಕಲಿತದ್ದು ಇಷ್ಟು. ಕೆರೆತ ಬಂದಾಗ ಒಂದು ಗುಟುಕು ನೀರು, ಗದ್ದವನ್ನು ಸ್ವಲ್ಪ ಕೆಳಗೆ ಮಾಡಿ ಗಟ್ಟಿಯಾಗಿ ನುಂಗು. ನೀರಿಲ್ಲದಿದ್ದರೆ ಬರೀ ಎಂಜಲು. ಆಗಲೂ ಹೋಗದಿದ್ದರೆ ದನಿಯಿಲ್ಲದೆ ಉಸಿರಿನಿಂದ ಮಾತ್ರ ‘ಹ್’ ಅನ್ನು. ಆಮೇಲೆ ತುಟಿ ಮುಚ್ಚಿ ಮೆಲ್ಲಗೆ ‘ಮ್’ ಅಂತ ಗುನುಗು. ಇಪ್ಪತ್ತು ಸೆಕೆಂಡ್ ತಡೆದರೆ ಕೆರೆತ ತಾನೇ ಇಳಿಯುತ್ತದೆ. ಹೊಟ್ಟೆಯಿಂದ ನಿಧಾನ ಉಸಿರಾಡುವುದನ್ನೂ ಕಲಿಸಿದರು. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆ, ಬಲವಾದರೆ ಆ ಕೆಳಗಿನ ಉಂಗುರಕ್ಕೂ ಆಸರೆ. ಅರವತ್ತು ಮಕ್ಕಳ ಕ್ಲಾಸಿಗೆ ಸೊಂಟಕ್ಕೆ ಕಟ್ಟುವ ಪುಟ್ಟ ಮೈಕ್ ತೆಗೆದುಕೊಂಡೆ. ಪಿಸುಮಾತಿನಲ್ಲಿ ಪಾಠ ಮಾಡುವುದು ಪರಿಹಾರ ಅಲ್ಲ, ಅದೂ ದನಿಗೆ ಶ್ರಮವೇ.

ಎಷ್ಟು ದಿನ

ಆ ಒಂಬತ್ತು ಪ್ರಶ್ನೆಯ ಪಟ್ಟಿಯಲ್ಲಿ ನನ್ನ ಅಂಕ ಮೊದಲ ತಿಂಗಳು 24ರಿಂದ 21. ಅಳು ಬಂದಿತ್ತು. ಎರಡನೇ ತಿಂಗಳು 17. ಮೂರನೇ ತಿಂಗಳ ಕೊನೆಗೆ 12. ಆರು ತಿಂಗಳಿಗೆ 8. ಗಂಟಲಿನ ಊತ ನಿಧಾನಕ್ಕೇ ಇಳಿಯುತ್ತದೆ. ಮೂರು ತಿಂಗಳು ನಿಷ್ಠೆಯಿಂದ ಮಾಡಿಯೂ ಏನೂ ಬದಲಾಗದಿದ್ದರೆ ಡಾಕ್ಟರ್ ಹತ್ತಿರ ವಾಪಸ್ ಹೋಗಿ. 24 ಗಂಟೆ ಅನ್ನನಾಳದೊಳಗೆ ತೆಳ್ಳನೆ ನಳಿಕೆ ಇಟ್ಟು ರಿಫ್ಲಕ್ಸ್ ನಿಜಕ್ಕೂ ಇದೆಯಾ ಅಂತ ಅಳೆಯುವ ಪರೀಕ್ಷೆ ಇದೆ. ಗೊತ್ತಿಲ್ಲದೆ ವರ್ಷಗಟ್ಟಲೆ ಮಾತ್ರೆ ನುಂಗುವುದಕ್ಕಿಂತ ಅದು ಒಳ್ಳೆಯದು.

ಮದುವೆ, ಹಬ್ಬ ಬಂದೇ ಬರುತ್ತವೆ. ಹೋದ ತಿಂಗಳು ತಂಗಿಯ ಮಗನ ಮದುವೆಯಲ್ಲಿ ರಾತ್ರಿ ಹನ್ನೊಂದಕ್ಕೆ ಊಟ, ಎರಡು ಹೋಳಿಗೆ, ತುಪ್ಪ. ಮಾರನೆಯ ಬೆಳಗ್ಗೆ ಉಂಡೆ ವಾಪಸ್. ಈಗ ಹೆದರುವುದಿಲ್ಲ. ಮೂರು ದಿನ ಕಾಫಿ ಇಲ್ಲ, ಆರೂವರೆಗೆ ಗಂಜಿ, ಮಲಗುವಾಗ ಆಲ್ಜಿನೇಟ್, ಕ್ಲಾಸಿನಲ್ಲಿ ಮೇಜಿನ ಮೇಲೆ ನೀರಿನ ಬಾಟಲಿ. ನಾಲ್ಕನೇ ದಿನ ಮೂರನೇ ಪೀರಿಯಡ್ ಮುಗಿದಾಗ ಬಾಟಲಿ ಅರ್ಧ ಹಾಗೇ ಇತ್ತು.