ದಿನಾ ಮೌತ್‌ವಾಶ್ ಬೇಕಾ?

ಡೊಂಬಿವಲಿ ಕಡೆಯ ನಮ್ಮವರಿಗೆ ಒಂದು ಮಾತು. ಕ್ಲೋರ್‌ಹೆಕ್ಸಿಡಿನ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಇರುವ ಮೌತ್‌ವಾಶ್ ಡಾಕ್ಟರ್ ಹೇಳಿದಷ್ಟು ದಿನಕ್ಕೆ ಮಾತ್ರ. ಸುಮ್ನೆ ವರ್ಷವಿಡೀ ಬಳಸಬೇಡಿ.

ಮನುಷ್ಯರ ಬಾಯಲ್ಲಿ ಸುಮಾರು 700 ಜಾತಿಯ ಬ್ಯಾಕ್ಟೀರಿಯಾ ಗುರುತಿಸಿದ್ದಾರೆ. ಎಲ್ಲವೂ ಕೆಟ್ಟವಲ್ಲ. ಪಾಲಕ್, ಬೀಟ್‌ರೂಟ್‌ನಲ್ಲಿರುವ ನೈಟ್ರೇಟನ್ನು ನಾಲಿಗೆ ಮೇಲಿನ ಕೆಲವು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಅದರಿಂದ ದೇಹ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ರಕ್ತನಾಳ ಸಡಿಲವಾಗುತ್ತದೆ, ಬಿಪಿಗೆ ಒಳ್ಳೆಯದು. ಆ ಮೌತ್‌ವಾಶ್ ಇವನ್ನೂ ಸಾಯಿಸುತ್ತದೆ. ಮತ್ತೆ ಸೊಪ್ಪು ತಿಂದು ಏನು ಲಾಭ, ಅಲ್ವಾ?

ಸ್ಟೇಷನ್ ಹತ್ತಿರ ವಡಾಪಾವ್, ಕಟಿಂಗ್ ಚಾ ಆದಮೇಲೆ ಬರೀ ನೀರು ಮುಕ್ಕಳಿಸಿ. ರಾತ್ರಿ ಬ್ರಶ್ ತಪ್ಪಿಸಬೇಡಿ.

ವಸಡಿನಿಂದ ರಕ್ತ ಬಂದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಶುಗರ್ ಇರುವವರು ಇನ್ನೂ ಬೇಗ ಹೋಗಿ. ವಸಡಿನ ಕಾಯಿಲೆ ಇದ್ದರೆ ಶುಗರ್ ಹತೋಟಿಗೆ ಬರೋದು ಕಷ್ಟ.