ತುಂಡು ಬಟ್ಟೆಯ ಹೇರ್ ಬ್ಯಾಂಡು, ಕ್ಲಿಪ್ಪುಗಳು: ನನ್ನ ಅನುಭವ

ಕೂದಲಿಗೆ ಬೇಕಾದ ಬ್ಯಾಂಡು, ಕ್ಲಿಪ್ಪುಗಳನ್ನು ಮನೆಯಲ್ಲೇ ಮಾಡಲು ಹೊರಟವರಲ್ಲಿ ಹಲವರು ಮಣಿ, ಲೇಸು, ಬಣ್ಣದ ರಿಬ್ಬನ್ನುಗಳಿಗೆ ಹಣ ಸುರಿದು, ಎಲಾಸ್ಟಿಕ್ ಮತ್ತು ಕ್ಲಿಪ್ಪನ್ನು ಮಾತ್ರ ಸಿಕ್ಕಿದ್ದರಲ್ಲಿ ಅಗ್ಗದ್ದು ತರುತ್ತಾರೆ. ನನ್ನ ಲೆಕ್ಕಾಚಾರವೇ ಬೇರೆ. ಕಣ್ಣಿಗೆ ಕಾಣುವ ಭಾಗಕ್ಕೆ ಮನೆಯಲ್ಲಿ ಉಳಿದ ಬಟ್ಟೆ ಧಾರಾಳವಾಗಿ ಸಾಕು. ಕೂದಲನ್ನು ಹಿಡಿಯುವ ಭಾಗದಲ್ಲಿ ಮಾತ್ರ ಜಿಪುಣತನ ಸಲ್ಲದು. ಕಾಲರ್ ಸವೆದ ಅಂಗಿಯ ಬೆನ್ನು, ಕಲೆಯಾದ ಸ್ಕಾರ್ಫಿನ ಅಂಚು, ಹಳೆಯ ದಿಂಬಿನ ಕವರು, ಇವುಗಳಲ್ಲೆಲ್ಲ ಗಟ್ಟಿಮುಟ್ಟಾದ ಒಂದಿಷ್ಟು ಜಾಗ ಉಳಿದೇ ಇರುತ್ತದೆ. ಆ ಜಾಗವನ್ನು ಹುಡುಕಿ ಕತ್ತರಿಸುವುದರಿಂದಲೇ ನನ್ನ ಕೆಲಸ ಆರಂಭವಾಗುತ್ತದೆ.

ನಾನು ಹೆಚ್ಚಾಗಿ ಮಾಡುವುದು ಸ್ಕ್ರಂಚಿ, ಅಂದರೆ ಎಲಾಸ್ಟಿಕ್ ಮೇಲೆ ನೆರಿಗೆ ಬಟ್ಟೆ ಹೊದಿಸಿದ, ಜುಟ್ಟು ಕಟ್ಟುವ ದುಂಡನೆಯ ಬ್ಯಾಂಡು. ಇದಕ್ಕೆ 1987ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಗಾಯಕಿ ರಾಮಿ ರೆವ್ಸನ್. ಆಗಿನ ಗಡಸು ಬ್ಯಾಂಡುಗಳಿಂದ ಕೂದಲು ಹಾಳಾಗುತ್ತದೆಂದು ಬೇಸತ್ತಿದ್ದ ಅವರಿಗೆ, ಪೈಜಾಮದ ಸೊಂಟಪಟ್ಟಿಯೊಳಗೆ ಎಲಾಸ್ಟಿಕ್ ಇರುವ ಬಗೆ ನೋಡಿ ಈ ಉಪಾಯ ಹೊಳೆಯಿತು. ಸ್ಕ್ರಂಚಿಯ ಗುಟ್ಟೆಲ್ಲ ಅಷ್ಟೇ: ಎಲಾಸ್ಟಿಕ್ ಬಿಗಿಯುತ್ತದೆ, ಆದರೆ ಕೂದಲಿಗೆ ತಾಗುವುದು ಬಟ್ಟೆ.

10 ಸೆಂಟಿಮೀಟರ್ ಅಗಲ, 55 ಸೆಂಟಿಮೀಟರ್ ಉದ್ದದ ಪಟ್ಟಿ, 6 ಮಿಲಿಮೀಟರ್ ಅಗಲದ ಎಲಾಸ್ಟಿಕ್ 18ರಿಂದ 20 ಸೆಂಟಿಮೀಟರ್, ಇದು ನನಗೆ ಒಗ್ಗಿದ ಅಳತೆ. ಬಟ್ಟೆಯ ಉದ್ದ ಎಲಾಸ್ಟಿಕ್‌ನ ಸುಮಾರು ಮೂರು ಪಟ್ಟು ಇದ್ದರೆ ನೆರಿಗೆ ತುಂಬಿಕೊಂಡು ಬರುತ್ತದೆ. ದಪ್ಪ ಬಟ್ಟೆಯಾದರೆ 45 ಸೆಂಟಿಮೀಟರೇ ಸಾಕು, ಇಲ್ಲದಿದ್ದರೆ ಗಂಟುಗಂಟಾಗಿ ನಿಲ್ಲುತ್ತದೆ. ಪಟ್ಟಿಯ ಒಳಮೈ ಹೊರಗೆ ಬರುವಂತೆ ಉದ್ದಕ್ಕೆ ಮಡಿಸಿ, ಅಂಚಿನಿಂದ 1 ಸೆಂಟಿಮೀಟರ್ ಬಿಟ್ಟು ಹೊಲಿಯುತ್ತೇನೆ. ಹೊಲಿಗೆ ಯಂತ್ರ ಬೇಕೆಂದೇನಿಲ್ಲ. ಕೈಯಲ್ಲಿ ಹೊಲಿಯುವಾಗ ಪ್ರತಿ ಸಲವೂ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಮುಂದೆ ತೆಗೆದರೆ ಹೊಲಿಗೆ ಬಿಚ್ಚುವುದಿಲ್ಲ. ಆಮೇಲೆ ಕೊಳವೆಯ ಒಂದು ತುದಿಗೆ ಸೇಫ್ಟಿ ಪಿನ್ ಚುಚ್ಚಿ, ಅದನ್ನು ಒಳಗಿನಿಂದಲೇ ನೂಕುತ್ತ ಇನ್ನೊಂದು ತುದಿಗೆ ತಂದರೆ ಬಟ್ಟೆ ಮಗುಚಿಕೊಂಡು ಹೊರಮೈ ಮೇಲೆ ಬರುತ್ತದೆ. ಅದೇ ಪಿನ್ನಿನಿಂದ ಎಲಾಸ್ಟಿಕ್ ತೂರಿಸುವುದು. ತೂರಿಸುವ ಮೊದಲು ಎಲಾಸ್ಟಿಕ್‌ನ ಹಿಂದಿನ ತುದಿಯನ್ನು ಬಟ್ಟೆಗೆ ಪಿನ್ ಮಾಡಿಕೊಳ್ಳಬೇಕು, ಅದು ಒಳಗೆ ಜಾರಿತೆಂದರೆ ಮತ್ತೆ ಮೊದಲಿನಿಂದ.

ಎಲಾಸ್ಟಿಕ್ ತುದಿಗಳಿಗೆ ನಾನು ಗಂಟು ಹಾಕುವುದಿಲ್ಲ. ಗಂಟು ನೆರಿಗೆಯೊಳಗೆ ಗುಬುಟಾಗಿ ಉಳಿಯುತ್ತದೆ, ಎಳೆದಾಗ ಸಡಿಲವೂ ಆಗುತ್ತದೆ. ಎರಡು ತುದಿಗಳನ್ನು ಒಂದೂವರೆ ಸೆಂಟಿಮೀಟರ್ ಒಂದರ ಮೇಲೊಂದಿಟ್ಟು ಅಡ್ಡಡ್ಡ ಹೊಲಿದರೆ ಆ ಜಾಗ ಚಪ್ಪಟೆಯಾಗಿ ಕೂರುತ್ತದೆ. ಕೊನೆಗೆ ಬಟ್ಟೆಯ ಒಂದು ತುದಿಯನ್ನು ಒಳಕ್ಕೆ ಮಡಿಸಿ, ಇನ್ನೊಂದನ್ನು ಅದರೊಳಗೆ ಸೇರಿಸಿ ಹೊಲಿಗೆ ಹಾಕುತ್ತೇನೆ. ಎಲಾಸ್ಟಿಕ್ ಕೊಳ್ಳುವಾಗ ಒಂದು ತುಂಡನ್ನು ಎರಡು ಪಟ್ಟು ಉದ್ದಕ್ಕೆ ಎಳೆದು ಬಿಟ್ಟು ನೋಡಿ. ಮೊದಲಿನ ಅಳತೆಗೆ ಮರಳದಿದ್ದರೆ ಅದನ್ನು ಮುಟ್ಟಬೇಡಿ. ಮಾಡಿದ ಸ್ಕ್ರಂಚಿಯನ್ನು ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಎಲಾಸ್ಟಿಕ್‌ನ ಜೀವ ತೆಗೆಯುವುದು ಶಾಖ.

ಕ್ಲಿಪ್ಪಿನ ಮೇಲೆ ಕೂರಿಸುವ ಹೂಗಳಿಗೆ ಸ್ಯಾಟಿನ್ ತುಂಡುಗಳನ್ನು ಬೇರೆಯಾಗಿ ತೆಗೆದಿಡುತ್ತೇನೆ. ಆದರೆ ಎಲ್ಲ ಹೊಳೆಯುವ ಬಟ್ಟೆಯೂ ಇದಕ್ಕೆ ಆಗುವುದಿಲ್ಲ. ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡುತ್ತೇನೆ. ಪಾಲಿಯೆಸ್ಟರ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಗುಂಡಿನಂತಾಗುತ್ತದೆ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ. ನಮಗೆ ಬೇಕಾದದ್ದು ಕರಗುವ ಬಟ್ಟೆ. ಅದರಲ್ಲಿ 6, 5, 4 ಸೆಂಟಿಮೀಟರ್ ಅಗಲದ ವೃತ್ತಗಳನ್ನು ಕತ್ತರಿಸಿ, ಒಂದೊಂದನ್ನೇ ಚಿಮಟದಲ್ಲಿ ಹಿಡಿದು ಮೇಣದ ಬತ್ತಿಯ ಜ್ವಾಲೆಗಿಂತ ಸ್ವಲ್ಪ ಮೇಲೆ, ಮುಟ್ಟಿಸದೆ ತಿರುಗಿಸಬೇಕು. ಬಟ್ಟೆಯ ಅಂಚು ಮೊದಲು ನಡುಗಿದಂತೆ ಕಾಣುತ್ತದೆ, ಮರುಕ್ಷಣ ಒಳಮುಖವಾಗಿ ಸುರುಳಿಗೊಳ್ಳುತ್ತದೆ. ಅಲ್ಲಿಗೆ ತೆಗೆದುಬಿಡಬೇಕು. ಇನ್ನೊಂದು ಕ್ಷಣ ಇಟ್ಟರೆ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ. ಜ್ವಾಲೆಯ ತುದಿಗೆ ತೀರಾ ಹತ್ತಿರ ಹೋದರೆ ಮಸಿ ಹತ್ತುತ್ತದೆ. ತಿಳಿ ಬಣ್ಣದ ಬಟ್ಟೆಯಲ್ಲಿ ಅದು ಎದ್ದು ಕಾಣುತ್ತದೆ. ದೊಡ್ಡದರ ಮೇಲೆ ಚಿಕ್ಕದನ್ನು ಪೇರಿಸಿ ನಡುವೆ ಒಂದು ಮಣಿ ಹೊಲಿದರೆ, ಯಾವ ಎರಡು ಹೂವೂ ಒಂದೇ ತೆರನಾಗಿರುವುದಿಲ್ಲ. ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಘಳಿಗೆ ಇದೇ. ಪಕ್ಕದಲ್ಲಿ ಒಂದು ಬಟ್ಟಲು ನೀರು ಇರಲಿ, ಕಿಟಕಿ ತೆರೆದಿರಲಿ, ಸ್ವಂತ ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡಿರಿ, ಮಕ್ಕಳು ಬಳಿಯಲ್ಲಿದ್ದರೆ ಈ ಕೆಲಸವನ್ನು ಆಮೇಲೆ ಮಾಡಿ.

ಹೂವನ್ನು ನೇರವಾಗಿ ಲೋಹದ ಕ್ಲಿಪ್ಪಿಗೆ ಅಂಟಿಸಿದರೆ ಬಹುಕಾಲ ನಿಲ್ಲುವುದಿಲ್ಲ. ನುಣುಪಾದ ಲೋಹದ ಮೇಲೆ ಗ್ಲೂ ಗನ್ನಿನ ಅಂಟು ಸಿಪ್ಪೆಯಂತೆ ಎದ್ದುಬರುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮೆತ್ತಗೂ ಆಗುತ್ತದೆ. ಹಾಗಾಗಿ ಕ್ಲಿಪ್ಪಿನ ಮೇಲ್ಭಾಗವನ್ನು ಮರಳುಕಾಗದದಿಂದ ಉಜ್ಜಿ ಒರಟು ಮಾಡಿ, ಮೊದಲು ತೆಳುವಾದ ರಿಬ್ಬನ್ ಸುತ್ತಿ ಅಂಟಿಸುತ್ತೇನೆ. ನಂತರ ಹೂವನ್ನು ಆ ರಿಬ್ಬನ್ನಿಗೆ ಸೂಜಿಯಿಂದಲೇ ಹೊಲಿಯುತ್ತೇನೆ. ನುಣುಪು ಕೂದಲಿನವರಿಗೆ ಕ್ಲಿಪ್ಪಿನ ಒಳಬಾಯಿಗೂ ಮಖಮಲ್ಲಿನ ಚಿಕ್ಕ ಪಟ್ಟಿ ಅಂಟಿಸಿದರೆ ಕ್ಲಿಪ್ ಜಾರುವುದಿಲ್ಲ. ಬಣ್ಣ ಹೋದ ಹಳೆಯ ಕ್ಲಿಪ್ಪುಗಳಿಗೂ ಇದೇ ಉಪಚಾರ. ಸ್ಪ್ರಿಂಗ್ ಗಟ್ಟಿಯಾಗಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ.

ಪ್ಲಾಸ್ಟಿಕ್ ಹೇರ್ ಬ್ಯಾಂಡಿಗೆ ಬಟ್ಟೆ ಸುತ್ತುವುದು ಸುಲಭ, ಪಟ್ಟಿಯನ್ನು ಮಾತ್ರ ಓರೆಯಾಗಿ, ಕ್ರಾಸ್ ಆಗಿ ಕತ್ತರಿಸಿಕೊಳ್ಳಬೇಕು. ಹಾಗೆ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ, ಬಾಗಿದ ಕಡೆ ಸುಕ್ಕುಗಟ್ಟುವುದಿಲ್ಲ. ಸುತ್ತು ಮುಗಿಯುವ ತುದಿ ಕಿವಿಯ ಹಿಂಭಾಗಕ್ಕೆ ಒತ್ತುವ ಜಾಗ, ಅಲ್ಲಿ ಅಂಟಿನ ಗಡ್ಡೆ ಉಳಿಯದಂತೆ ಮೆತ್ತನೆಯ ಫೆಲ್ಟ್ ತುಂಡು ಮುಚ್ಚುತ್ತೇನೆ.

3 ವರ್ಷದೊಳಗಿನ ಮಕ್ಕಳಿಗಾಗಿ ಮಾಡುವುದರಲ್ಲಿ ಮಣಿ, ಗುಂಡಿ ಯಾವುದನ್ನೂ ಬಳಸುವುದಿಲ್ಲ. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕುವ ಅಪಾಯವಿದೆ. ಹೂವಿನ ನಡುವೆ ಮಣಿಯ ಬದಲು ದಪ್ಪ ಕಸೂತಿ ದಾರವನ್ನು ಸೂಜಿಗೆ ಎರಡು ಮೂರು ಸುತ್ತು ಸುತ್ತಿ ಎಳೆದು ಗಂಟು ಕೂರಿಸುತ್ತೇನೆ. ಹಳದಿ ದಾರದಲ್ಲಿ ಏಳೆಂಟು ಗಂಟು ಒತ್ತಾಗಿ ಹಾಕಿದರೆ ಹೂವಿನ ಕೇಸರವೇ ಆಯಿತು.