ಕಥೆ ಕಳಿಸುವ ಮುಂಚೆ ಫೈಲ್ ಒಮ್ಮೆ ತೆರೆದು ನೋಡಿ

ನಮ್ಮ ಮೈಸೂರು ಗುಂಪಿನಲ್ಲಿ ಹೊಸದಾಗಿ ಕಥೆ ಬರೆಯುವವರು ಜಾಸ್ತಿ ಆಗಿದ್ದಾರೆ, ತುಂಬಾ ಖುಷಿ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೋ ‘ಮಯೂರ’, ‘ತುಷಾರ’ದಂಥ ಮಾಸಿಕಕ್ಕೋ ಕಳಿಸುವವರಿಗೆ ಒಂದು ಮಾತು.

ಹೋದ ವರ್ಷ ಸರಸ್ವತಿಪುರಂನಲ್ಲಿ ಕಥೆ ಟೈಪ್ ಮಾಡಿಸಿ, ವರ್ಡ್ ಫೈಲನ್ನು ಅಲ್ಲಿಂದಲೇ ಮೇಲ್ ಮಾಡಿದೆ. ಮನೆಗೆ ಬಂದು ಮೊಬೈಲ್‌ನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎರಡು ತಿಂಗಳು ತಿದ್ದಿದ ಕಥೆ, ಹೊಟ್ಟೆ ಉರಿಯಿತು. ಅದು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ್ದು. ಆ ಫಾಂಟ್ ಇಲ್ಲದ ಕಡೆ ಹಾಗೇ ಕಾಣುತ್ತದೆ. ಈಗಿನ ಮೊಬೈಲ್, ಕಂಪ್ಯೂಟರ್‌ಗಳಲ್ಲಿ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಯೇ ಕಳಿಸಿ. ಬದಲಾಯಿಸಿದ ಮೇಲೂ ‘ವರ್ಷ’, ‘ಸೂರ್ಯ’ದಂಥ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ನೋಡಿ, ಅಲ್ಲೇ ಎಡವಟ್ಟಾಗುವುದು. ನಿಯಮದಲ್ಲಿ ಬೇಡ ಅಂದಿಲ್ಲದಿದ್ದರೆ ಪಿಡಿಎಫ್ ಕೂಡ ಜೊತೆಗಿರಲಿ.

ಹಲವು ಸ್ಪರ್ಧೆಗಳಲ್ಲಿ ಕಥೆಯ ಪುಟದ ಮೇಲೆ ಹೆಸರು ಇರಬಾರದು. ಹೆಸರು, ವಿಳಾಸ ಬೇರೆ ಪುಟದಲ್ಲಿ ಬರೆಯಿರಿ. ಪದಮಿತಿ ದಾಟಬೇಡಿ. ಫೇಸ್‌ಬುಕ್‌ನಲ್ಲಿ ಹಾಕಿದ ಕಥೆಯನ್ನೂ ಎಷ್ಟೋ ಕಡೆ ‘ಪ್ರಕಟವಾದದ್ದು’ ಅಂತಲೇ ಎಣಿಸುತ್ತಾರೆ, ಅದಕ್ಕೇ ಆತುರ ಬೇಡ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳಿಸುವುದೂ ಬೇಡ, ಸಂಪಾದಕರಿಗೆ ಮುಜುಗರ ಅಲ್ವಾ?

ಕಥೆಯನ್ನು ಸಂಕಲನದಲ್ಲಿ ಸೇರಿಸಲು ಪ್ರಕಾಶಕರು ದುಡ್ಡು ಕೇಳಿದರೆ ಎಷ್ಟು ಪ್ರತಿ ಕೊಡುತ್ತಾರೆ, ಕಥೆಯ ಹಕ್ಕು ಯಾರದು ಅಂತ ಬರವಣಿಗೆಯಲ್ಲೇ ಕೇಳಿಕೊಳ್ಳಿ.

ಯೂನಿಕೋಡ್ ಮಾಡಲು ಬರದಿದ್ದವರು ಇಲ್ಲೇ ಹೇಳಿ. ಭಾನುವಾರ ಕೂತು ಮಾಡಿಕೊಡುತ್ತೇನೆ.